ಬೆರಿ ಕ್ಯಾಪ್ಸೂಲ್ ಕೊಳ್ಳುವ ಮುಂಚೆ: ಶುಗರ್ ಇರುವವರ ಕಣ್ಣಿಗೆ ಒಂದು ಮಾರ್ಗದರ್ಶಿ

ಮೆಡಿಕಲ್ ಸ್ಟೋರ್ ಕೌಂಟರಿನ ಹಿಂದೆ ನಿಲ್ಲುವವರಿಗೆ ಈ ಪ್ರಶ್ನೆ ಈಗ ಹೊಸದೇನಲ್ಲ. ಗಿರಾಕಿ ಮೊಬೈಲ್ ಮುಂದೆ ಚಾಚುತ್ತಾರೆ. ಒಂದು ಕಡೆ ಕಡುನೀಲಿ ಹಣ್ಣುಗಳ ಚಿತ್ರ, ಇನ್ನೊಂದು ಕಡೆ ಹೊಳೆಯುವ ಕಣ್ಣು. "ಇದು ತಗೊಂಡ್ರೆ ಶುಗರ್‌ನಿಂದ ಮಂಜಾದ ಕಣ್ಣು ಸರಿಹೋಗುತ್ತಂತೆ. ನಿಮ್ಮಲ್ಲಿ ಇದೆಯಾ?"

ಇಂಥ ಡಬ್ಬಿ ಮಾರಿದರೆ ಲಾಭ ನನಗೇ. ಆದರೂ ನಾನು ಮೊದಲು ಕೇಳುವುದು ಒಂದೇ ಮಾತು: "ಡ್ರಾಪ್ಸ್ ಹಾಕಿ ಕಣ್ಣಿನ ಹಿಂಪರದೆ ನೋಡಿಸಿದ್ದು ಯಾವಾಗ?" ಬಹಳ ಮಂದಿ "ಕನ್ನಡಕದ ಅಂಗಡಿಯಲ್ಲಿ ನಂಬರ್ ಚೆಕ್ ಮಾಡಿಸಿದೀನಲ್ಲ" ಅನ್ನುತ್ತಾರೆ. ಅದು ಬೇರೆ, ಇದು ಬೇರೆ.

ಬಿಲ್‌ಬೆರಿ, ಬ್ಲೂಬೆರಿ, ಗೋಜಿ, ನೆಲ್ಲಿ, ನೇರಳೆ ಇವುಗಳ ಸಾರ ವಿಷವೇನಲ್ಲ. ಸರಿಯಾಗಿ ತಯಾರಾಗಿದ್ದರೆ ಹೆಚ್ಚಿನವರಿಗೆ ತೊಂದರೆಯನ್ನೂ ಮಾಡುವುದಿಲ್ಲ. ತೊಂದರೆ ಇರುವುದು, ಕ್ಯಾಪ್ಸೂಲ್ ನುಂಗುತ್ತಾ "ನೋಡೋಣ, ಮೂರು ತಿಂಗಳು ಆಗ್ಲಿ" ಅಂತ ಕಾಯುವುದರಲ್ಲಿ. ಆದ್ದರಿಂದ ಈ ಬರಹದಲ್ಲಿ ಹೆಜ್ಜೆಗಳ ಕ್ರಮ ಮುಖ್ಯ. ಡಬ್ಬಿಯ ಸರದಿ ನಡುವೆ ಎಲ್ಲೋ ಬರುತ್ತದೆ, ಮೊದಲಿಗೆ ಅಲ್ಲ.

ಹೆಜ್ಜೆ 1: ಮಂಜು ಯಾವುದರಿಂದ ಅಂತ ತಿಳಿದುಕೊಳ್ಳಿ

ಶುಗರ್ ಇರುವವರ ಕಣ್ಣು ಮಂಜಾಗುವುದಕ್ಕೆ ಕಾರಣ ಒಂದೇ ಅಲ್ಲ. ಪ್ರತಿಯೊಂದಕ್ಕೂ ದಾರಿ ಬೇರೆ.

ಸಕ್ಕರೆ ಏರಿದಾಗ ಕಣ್ಣಿನ ಮಸೂರಕ್ಕೆ ನೀರು ಸೇರಿ ಅದು ಊದಿಕೊಳ್ಳುತ್ತದೆ. ಕನ್ನಡಕದ ನಂಬರ್ ಬದಲಾದ ಹಾಗಾಗುತ್ತದೆ. ಕೆಲವರಿಗೆ ದೂರದ ಬಸ್ಸಿನ ಬೋರ್ಡು ಕಾಣುವುದಿಲ್ಲ, ಆದರೆ ಓದುವ ಕನ್ನಡಕ ಇಲ್ಲದೆಯೇ ಪೇಪರ್ ಓದಲು ಬರುತ್ತದೆ. "ಅರೆ, ಕಣ್ಣು ಸುಧಾರಿಸಿತಲ್ಲ" ಅಂತ ಖುಷಿಪಡುತ್ತಾರೆ. ಶುಗರ್ ಹತೋಟಿಗೆ ಬಂದು ಕೆಲವು ವಾರ ಕಳೆದರೆ ಈ ಬದಲಾವಣೆ ತಾನಾಗಿ ಹೋಗುತ್ತದೆ. ಅದಕ್ಕೇ ಶುಗರ್ ಏರುಪೇರಾಗಿರುವಾಗ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಎರಡನೆಯದು ಪೊರೆ. ಶುಗರ್ ಇರುವವರಿಗೆ ಇದು ಬೇಗ ಬರುತ್ತದೆ. ಬಂದ ಪೊರೆಯನ್ನು ಕರಗಿಸುವ ಹಣ್ಣು, ಬೇರು, ಡ್ರಾಪ್ಸ್ ಯಾವುದೂ ಇಲ್ಲ. ಆಪರೇಷನ್ ಒಂದೇ ದಾರಿ.

ಮೂರನೆಯದು ಡಯಾಬಿಟಿಕ್ ರೆಟಿನೋಪಥಿ. ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾ ಎಂಬ ಪರದೆಗೆ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳಿವೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅವುಗಳ ಗೋಡೆ ಸಡಿಲವಾಗುತ್ತದೆ. ಅಲ್ಲಲ್ಲಿ ಚಿಕ್ಕ ಗುಳ್ಳೆಗಳು ಏಳುತ್ತವೆ, ರಕ್ತ ಮತ್ತು ಕೊಬ್ಬಿನಂಶ ಜಿನುಗುತ್ತದೆ. ಗೋಡೆಯೊಳಗಿನ ಪೈಪು ಸೋರಿ ಗೋಡೆ ಉಬ್ಬಿದ ಹಾಗೆ, ಸೋರಿದ ನೀರು ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನಿಂತರೆ ಅದು ಊದಿಕೊಳ್ಳುತ್ತದೆ. ಓದುವುದು, ಮುಖ ಗುರುತಿಸುವುದು ಆಗ ಕಷ್ಟವಾಗುತ್ತದೆ. ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ರಕ್ತ ಸಿಗದ ಭಾಗ ವಿಇಜಿಎಫ್ ಎಂಬ ಪ್ರೊಟೀನನ್ನು ಜಾಸ್ತಿ ಹೊರಡಿಸಿ ಹೊಸ ನಾಳಗಳನ್ನು ಬೆಳೆಸುತ್ತದೆ. ಆ ಹೊಸ ನಾಳಗಳು ಬಲವಿಲ್ಲದವು. ಒಡೆದು ಕಣ್ಣೊಳಗೆ ರಕ್ತ ತುಂಬಿಸುತ್ತವೆ, ಕೊನೆಗೆ ರೆಟಿನಾವನ್ನೇ ಎಳೆದು ಕೀಳುತ್ತವೆ.

ಇಷ್ಟೆಲ್ಲ ನಡೆಯುತ್ತಿದ್ದರೂ ಬಹಳ ದಿನ ನೋವಿಲ್ಲ, ಮಂಜಿಲ್ಲ, ಕೆಂಪಿಲ್ಲ. "ನನಗೆ ಚೆನ್ನಾಗೇ ಕಾಣ್ತಿದೆ" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. 2022ರಲ್ಲಿ ಪ್ರಕಟವಾದ ದೇಶಮಟ್ಟದ ಒಂದು ಸಮೀಕ್ಷೆಯಲ್ಲಿ, 40 ದಾಟಿದ ಶುಗರ್ ರೋಗಿಗಳಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ರೆಟಿನೋಪಥಿ ಕಂಡಿತ್ತು.

ಹೆಜ್ಜೆ 2: ಹಿಂಪರದೆ ನೋಡಿಸಿ

ಟೈಪ್ 2 ಶುಗರ್ ಇದ್ದರೆ ಕಾಯಿಲೆ ಪತ್ತೆಯಾದ ಕೂಡಲೇ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ. ಟೈಪ್ 1 ಇದ್ದರೆ ಶುರುವಾದ 5 ವರ್ಷದೊಳಗೆ ಮೊದಲ ಪರೀಕ್ಷೆ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಬಸುರಿನಲ್ಲಿ ರೆಟಿನೋಪಥಿ ಬೇಗ ಬೆಳೆಯಬಹುದು.

ಪರೀಕ್ಷೆ ಹೇಗಿರುತ್ತದೆ? ಕಣ್ಣಿಗೆ ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ಕೂರಿಸುತ್ತಾರೆ. ಒಂದು ಕ್ಷಣ ಉರಿಯುತ್ತದೆ. ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಗುತ್ತದೆ. ಆಮೇಲೆ ಡಾಕ್ಟರು ತಲೆಗೆ ಕಟ್ಟಿಕೊಂಡ ದೀಪ, ಕೈಯಲ್ಲೊಂದು ಗಾಜಿನ ಮಸೂರ ಹಿಡಿದು "ಮೇಲೆ ನೋಡಿ, ಬಲಕ್ಕೆ ನೋಡಿ, ಕೆಳಗೆ ನೋಡಿ" ಅಂತ ಮೂಲೆಮೂಲೆ ನೋಡುತ್ತಾರೆ. ಬೆಳಕು ಚುಚ್ಚುತ್ತದೆ, ನೋವಿಲ್ಲ. ಕೆಲವು ಕಡೆ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಾರೆ. ಮ್ಯಾಕ್ಯುಲಾ ಊದಿದೆಯೇ ಅಂತ ಅನುಮಾನವಿದ್ದರೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದು ಕೆಲವು ನಿಮಿಷದ ಕೆಲಸ.

ಪಾಪೆ ಮಾಮೂಲಿಗೆ ಬರಲು ನಾಲ್ಕಾರು ಗಂಟೆ ಬೇಕು. ಅಲ್ಲಿಯವರೆಗೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಸ್ಕೂಟರ್ ತಗೊಂಡು ಹೋಗಬೇಡಿ. ಜೊತೆಗೆ ಒಬ್ಬರು, ಒಂದು ತಂಪು ಕನ್ನಡಕ ಇರಲಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ, ಇತ್ತೀಚಿನ ಎಚ್‌ಬಿಎ1ಸಿ ವರದಿ ಮತ್ತು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಪಟ್ಟಿಯಲ್ಲಿ ಕಷಾಯ, ಚೂರ್ಣ, ಆನ್‌ಲೈನ್ ಕ್ಯಾಪ್ಸೂಲ್ ಕೂಡ ಬರಲಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಆಗುತ್ತದೆ. ಊರಿಗೆ ಹತ್ತಿರ ಎಲ್ಲಿ ಅಂತ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ.

ಹೆಜ್ಜೆ 3: ವರದಿಯಲ್ಲಿ ಯಾವ ಪದ ಇದೆ ನೋಡಿ

ಚೀಟಿಯಲ್ಲಿ ಗೀಚಿದ ಅಕ್ಷರಗಳು ನಾಲ್ಕೈದೇ. ಅವನ್ನು ಅರ್ಥ ಮಾಡಿಕೊಂಡರೆ ಮುಂದಿನ ತೀರ್ಮಾನ ಸುಲಭ.

"ನೋ ಡಿಆರ್" ಅಂದರೆ ರೆಟಿನೋಪಥಿ ಇಲ್ಲ. "ಎನ್‌ಪಿಡಿಆರ್" ಅಂದರೆ ಶುರುವಾಗಿದೆ, ಹೊಸ ನಾಳ ಇನ್ನೂ ಬೆಳೆದಿಲ್ಲ. ಅದರ ಮುಂದೆ ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಒಂದು ಪದ ಇರುತ್ತದೆ. ಆ ಪದ ಕಾಣದಿದ್ದರೆ ಕೇಳಿ ಬರೆಸಿಕೊಳ್ಳಿ. "ಪಿಡಿಆರ್" ಅಂದರೆ ಹೊಸ ನಾಳ ಬೆಳೆದಿದೆ. "ಡಿಎಂಇ" ಅಂದರೆ ಮ್ಯಾಕ್ಯುಲಾ ಊದಿದೆ. ಇದು ಮೇಲಿನ ಯಾವ ಹಂತದ ಜೊತೆಗಾದರೂ ಬರಬಹುದು.

ಇಲ್ಲ ಅಥವಾ ಮೈಲ್ಡ್ ಅಂತಿದ್ದರೆ ನಿಮ್ಮ ಕೈಯಲ್ಲಿ ಸಮಯವಿದೆ. ಶುಗರ್, ಬಿಪಿ ಸರಿಮಾಡಿಕೊಳ್ಳುತ್ತಾ, ಬೇಕೆನಿಸಿದರೆ ಡಾಕ್ಟರಿಗೆ ಹೇಳಿ ಬೆರಿ ಸಾರವನ್ನೂ ನೋಡಬಹುದು. ಮಾಡರೇಟ್ ಆದರೆ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಸಿವಿಯರ್, ಪಿಡಿಆರ್, ಡಿಎಂಇ, ಈ ಮೂರರಲ್ಲಿ ಯಾವುದೇ ಇದ್ದರೂ ಡಬ್ಬಿಯ ಯೋಚನೆ ಪಕ್ಕಕ್ಕಿಡಿ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸಿವಿಯರ್ ಹಂತದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂದು ವರ್ಷದೊಳಗೆ ಪಿಡಿಆರ್‌ಗೆ ಜಾರುತ್ತಾರೆ. ಅಲ್ಲಿ ಕೆಲಸ ಮಾಡುವುದು ಲೇಸರ್, ಬೆವಾಸಿಜುಮಾಬ್, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್‌ನಂಥ ಇಂಜೆಕ್ಷನ್, ಕೈಮೀರಿದಾಗ ಕಣ್ಣೊಳಗಿನ ರಕ್ತ, ಜೆಲ್ಲಿ ತೆಗೆಯುವ ವಿಟ್ರೆಕ್ಟಮಿ ಆಪರೇಷನ್. ಕಣ್ಣಿಗೆ ಇಂಜೆಕ್ಷನ್ ಅಂದರೆ ಎದೆ ಧಸಕ್ ಅನ್ನುತ್ತದೆ ನಿಜ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಬಹಳ ಸಣ್ಣ ಸೂಜಿಯಲ್ಲಿ ಕ್ಷಣಾರ್ಧದಲ್ಲಿ ಮುಗಿಸುತ್ತಾರೆ. ಆ ಭಯದಿಂದಲೇ ಬಹಳ ಮಂದಿ ಹಣ್ಣಿನ ಕ್ಯಾಪ್ಸೂಲಿನ ಕಡೆ ತಿರುಗುತ್ತಾರೆ ಅಂತ ನನಗನ್ನಿಸುತ್ತದೆ.

ಹೆಜ್ಜೆ 4: ಬೆರಿಗಳ ಬಗ್ಗೆ ಗೊತ್ತಿರುವುದೆಷ್ಟು?

ಬಿಲ್‌ಬೆರಿ ಯುರೋಪಿನ ಕಾಡುಹಣ್ಣು. ಫಿನ್ಲೆಂಡ್, ಸ್ವೀಡನ್, ನಾರ್ವೆ ಕಡೆ ಪೈನ್ ಮರಗಳ ಕೆಳಗೆ ಮೊಣಕಾಲೆತ್ತರದ ಪೊದೆಯಲ್ಲಿ ಬಿಡುತ್ತದೆ. ಸಸ್ಯಶಾಸ್ತ್ರದ ಹೆಸರು ವ್ಯಾಕ್ಸಿನಿಯಂ ಮಿರ್ಟಿಲಸ್. ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಬ್ಲೂಬೆರಿ ಇದರ ದಾಯಾದಿ, ಇದೇ ಅಲ್ಲ. ಕತ್ತರಿಸಿದರೆ ಗೊತ್ತಾಗುತ್ತದೆ: ಬ್ಲೂಬೆರಿಯ ಒಳಗೆ ಬಿಳಿಹಸಿರು ತಿರುಳು, ಬಿಲ್‌ಬೆರಿಯ ಒಳಗೂ ಹೊರಗೂ ಕಡುನೇರಳೆ. ಆ ಬಣ್ಣವೇ ಆಂಥೋಸಯನಿನ್. ಕಣ್ಣಿಗೆ ಒಳ್ಳೆಯದು ಅಂತ ಮಾರುವುದು ಇದನ್ನೇ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಬಿಲ್‌ಬೆರಿ ಜ್ಯಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ನೋಡುತ್ತಿದ್ದರು ಅನ್ನುವ ಕಥೆಯನ್ನು ಜಾಹೀರಾತಿನಲ್ಲಿ ನೀವೂ ಓದಿರಬಹುದು. ಅದಕ್ಕೆ ಗಟ್ಟಿ ದಾಖಲೆಯಿಲ್ಲ. ರಾತ್ರಿ ದೃಷ್ಟಿಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ 2004ರಲ್ಲಿ ಒಂದು ವಿಮರ್ಶೆ ಬಂತು. ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಆರೋಗ್ಯವಂತರ ಕಣ್ಣಿಗೆ ಉಪಯೋಗ ಕಾಣಲಿಲ್ಲ.

ರೆಟಿನೋಪಥಿಯ ಮೇಲೂ ಪ್ರಯೋಗಗಳು ಆಗಿವೆ. 1980ರ ದಶಕದಲ್ಲಿ ಇಟಲಿಯಲ್ಲಿ ಕೆಲವು ಡಜನ್ ರೋಗಿಗಳಿಗೆ 160 ಮಿಲಿಗ್ರಾಂ ಸಾರವನ್ನು ದಿನಕ್ಕೆರಡು ಸಲ ಕೊಟ್ಟು ನೋಡಿದರು. ಸ್ವಲ್ಪ ಸುಧಾರಣೆ ಕಂಡಿತು ಅಂತ ಬರೆದರು. ಆದರೆ ಅವು ತೀರಾ ಚಿಕ್ಕ, ತೀರಾ ಕಡಿಮೆ ಅವಧಿಯ ಪ್ರಯೋಗಗಳು. ನೂರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕುರುಡುತನ ತಪ್ಪಿತು ಅಂತ ತೋರಿಸಿದ ಬಿಲ್‌ಬೆರಿ ಪ್ರಯೋಗ ಇಲ್ಲ. ಕಣ್ಣಿನ ಡಾಕ್ಟರುಗಳು ಇದನ್ನು ಬರೆದುಕೊಡದಿರುವುದಕ್ಕೆ ಕಾರಣ ಇದು, ಯಾವ ಪಿತೂರಿಯೂ ಅಲ್ಲ.

ಪ್ರಯೋಗಾಲಯದ ಸುದ್ದಿ ಚೆನ್ನಾಗಿದೆ. ಆಂಥೋಸಯನಿನ್ ಜೀವಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಪಾಡುತ್ತದೆ. ಹಂದಿಗಳಿಗೆ ಬ್ಲೂಬೆರಿ ತಿನ್ನಿಸಿದಾಗ ಕಣ್ಣಿನವರೆಗೂ ಅದರ ಅಂಶ ಹೋಗಿದ್ದು ಕಂಡಿದೆ. ಆದರೆ ಮನುಷ್ಯರು ತಿಂದದ್ದರಲ್ಲಿ ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ. ಗಾಜಿನ ತಟ್ಟೆಯಲ್ಲಿ ಕೆಲಸ ಮಾಡಿದ ಪ್ರಮಾಣ ನಿಮ್ಮ ರೆಟಿನಾಕ್ಕೆ ತಲುಪುತ್ತದೆ ಅಂತ ನಂಬಲು ಆಧಾರ ಸಾಲದು.

ಬೆಟ್ಟದ ನೆಲ್ಲಿಕಾಯಿಯ ಕಥೆಯೂ ಇಂಥದ್ದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ, ಶುಗರ್ ಬರಿಸಿದ ಇಲಿಗಳಿಗೆ ನೆಲ್ಲಿಯ ಸಾರ ಕೊಟ್ಟರೆ ಪೊರೆ ಬರುವುದು ತಡವಾಗುತ್ತದೆ ಅಂತ ತೋರಿಸಿದರು. ಒಳ್ಳೆಯ ಕೆಲಸ. ಆದರೆ ಇಲಿಯಲ್ಲಿ, ಅದೂ ಬರುವುದು ತಡವಾಯಿತು ಅಷ್ಟೇ, ಬಂದದ್ದು ಹೋಗಲಿಲ್ಲ. ನೇರಳೆ ಬೀಜದ ಪುಡಿಯನ್ನು ಶುಗರಿಗೆ ನಮ್ಮಲ್ಲಿ ಎಷ್ಟೋ ಕಾಲದಿಂದ ಬಳಸುತ್ತಾರೆ. ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾ ಕೊಟ್ಟು ನಡೆಸಿದ ಪ್ರಯೋಗದಲ್ಲಂತೂ ಶುಗರ್ ಇಳಿಯಲಿಲ್ಲ. ಗೋಜಿ ಎಂಬ ಚೀನಾ ಕಡೆಯ ಕೆಂಪು ಹಣ್ಣಿನಲ್ಲಿ ಜಿಯಾಜಾಂಥಿನ್ ಎಂಬ ವರ್ಣಕ ಜಾಸ್ತಿ ಇದೆ. ಆರೋಗ್ಯವಂತರು ಮೂರು ತಿಂಗಳು ತಿಂದಾಗ ಮ್ಯಾಕ್ಯುಲಾದ ವರ್ಣಕ ಹೆಚ್ಚಿದ್ದು ಅಮೆರಿಕದ ಒಂದು ಚಿಕ್ಕ ಅಧ್ಯಯನದಲ್ಲಿ ಕಂಡಿದೆ. ಆದರೆ ಅದು ವಯಸ್ಸಾದ ಮೇಲೆ ಬರುವ ಮ್ಯಾಕ್ಯುಲಾ ಸವೆತಕ್ಕೆ ಸಂಬಂಧಿಸಿದ ಮಾತು, ಶುಗರಿನ ರೆಟಿನೋಪಥಿಗೆ ಅಲ್ಲ. ಲ್ಯೂಟೀನ್ ಎಂಬ ಇನ್ನೊಂದು ವರ್ಣಕದ ಮಾತ್ರೆಗಳದ್ದೂ ಇದೇ ಗೊಂದಲ. ವಯಸ್ಸಿನ ಸವೆತ, ಶುಗರಿನ ಊತ ಎರಡಕ್ಕೂ "ಮ್ಯಾಕ್ಯುಲಾ" ಅಂತ ಕೇಳಿದ ಕೂಡಲೇ ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ.

ಹಾಗಾದರೆ ಗುಣವಾಯಿತು ಅನ್ನುವವರು?

ಅವರು ಸುಳ್ಳು ಹೇಳುತ್ತಿಲ್ಲ. ಕ್ಯಾಪ್ಸೂಲ್ ಶುರು ಮಾಡುವ ಮನುಷ್ಯ ಸುಮ್ನೆ ಕ್ಯಾಪ್ಸೂಲ್ ಅಷ್ಟೇ ತಗೊಳ್ಳುವುದಿಲ್ಲ. ಹೆದರಿಕೆಯಿಂದ ಸಿಹಿ ಬಿಡುತ್ತಾನೆ, ವಾಕಿಂಗ್ ಹೋಗುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಶುಗರ್ ಇಳಿಯುತ್ತದೆ, ಊದಿದ ಮಸೂರ ಮಾಮೂಲಿಗೆ ಬರುತ್ತದೆ, ಕೆಲವು ವಾರದಲ್ಲಿ ಕಣ್ಣು ತಿಳಿಯಾಗುತ್ತದೆ. ಹೆಸರು ಡಬ್ಬಿಗೆ. ಇನ್ನು ಕೆಲವರಿಗೆ ಕಣ್ಣೊಳಗೆ ರಕ್ತ ಸೋರಿ ಮುಂದೆ ಕಪ್ಪು ಪರದೆ ಬಿದ್ದಿರುತ್ತದೆ. ಆ ರಕ್ತ ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುವುದುಂಟು. ಆಗಲೂ ಹೆಸರು ಡಬ್ಬಿಗೆ. ಆದರೆ ರಕ್ತ ಸೋರಿಸಿದ ಹೊಸ ನಾಳ ಹಾಗೇ ಇರುತ್ತದೆ, ಮತ್ತೆ ಒಡೆಯಲು ಕಾಯುತ್ತಾ. ಹೀಗೆ ಗುಣವಾದಂತೆ ಕಾಣುವುದೇ ನಿಜಕ್ಕೂ ಅಪಾಯ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಗೆರೆ ಸೊಟ್ಟಗೆ ಕಂಡರೆ, ಒಂದು ಚೌಕ ಮಾಸಿದಂತಿದ್ದರೆ ಡಾಕ್ಟರಿಗೆ ಹೇಳಿ. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಈ ಪರೀಕ್ಷೆಯಲ್ಲಿ ಪಾಸಾದರೂ ವರ್ಷದ ತಪಾಸಣೆ ತಪ್ಪಿಸುವಂತಿಲ್ಲ.

ಹೆಜ್ಜೆ 5: ಡಬ್ಬಿ ತಿರುಗಿಸಿ ಓದಿ

ಇಷ್ಟು ತಿಳಿದೂ ತಗೊಳ್ಳಬೇಕು ಅನ್ನಿಸಿದರೆ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ.

ಮುಂದೆ "ಬಿಲ್‌ಬೆರಿ 1000 ಮಿ.ಗ್ರಾಂ" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಹಿಂದೆ ನೋಡಿದರೆ "10:1 ಸಾರ, 100 ಮಿ.ಗ್ರಾಂ". ಅಂದರೆ ಕ್ಯಾಪ್ಸೂಲಿನಲ್ಲಿ ಇರುವುದು 100 ಮಿಲಿಗ್ರಾಂ ಪುಡಿ, ಅದನ್ನು 1000 ಮಿಲಿಗ್ರಾಂ ಹಣ್ಣಿಗೆ ಸಮ ಅಂತ ಲೆಕ್ಕ ಹಾಕಿದ್ದಾರೆ. 1000 ಮಿಲಿಗ್ರಾಂ ಹಣ್ಣು ಅಂದರೆ ಒಂದು ಗ್ರಾಂ. ಹೆಚ್ಚು ಕಡಿಮೆ ಎರಡು ಮೂರು ಕಾಳಿನಷ್ಟು ಬಿಲ್‌ಬೆರಿ.

ನೋಡಬೇಕಾದ ಅಂಕಿ ಶೇಕಡಾವಾರು. ಪ್ರಯೋಗಗಳಲ್ಲಿ ಬಳಸಿದ ಸಾರದಲ್ಲಿ ಆಂಥೋಸಯನಿನ್ ಶೇ 36ರಷ್ಟಿರುತ್ತಿತ್ತು. ಅದನ್ನೇ ಇನ್ನೊಂದು ಲೆಕ್ಕದಲ್ಲಿ ಆಂಥೋಸಯನಿಡಿನ್ ಶೇ 25 ಅಂತಲೂ ಬರೆಯುತ್ತಾರೆ. 160 ಮಿಲಿಗ್ರಾಂನ ಶೇ 36 ಅಂದರೆ ಸುಮಾರು 58 ಮಿಲಿಗ್ರಾಂ, ದಿನಕ್ಕೆ ಎರಡು ನುಂಗಿದರೆ ಸುಮಾರು 115. ತಾಜಾ ಬಿಲ್‌ಬೆರಿಯ 100 ಗ್ರಾಂನಲ್ಲಿ ಆಂಥೋಸಯನಿನ್ 300ರಿಂದ 700 ಮಿಲಿಗ್ರಾಂವರೆಗೆ ಇರುತ್ತದೆ. ಅಂದರೆ ಇಡೀ ದಿನದ ಕ್ಯಾಪ್ಸೂಲಿನಲ್ಲಿರುವುದು ಫಿನ್ಲೆಂಡಿನ ಮಗು ಒಂದು ಹಿಡಿಯಲ್ಲಿ ಬಾಯಿಗೆ ಹಾಕಿಕೊಳ್ಳುವಷ್ಟು. ಶೇಕಡಾ ಅಂಕಿಯೇ ಇಲ್ಲದ ಡಬ್ಬಿಯನ್ನು ಅಲ್ಲೇ ಬಿಡಿ.

ಇನ್ನೊಂದು ಕಿರಿಕಿರಿ ಕಲಬೆರಕೆ. ನಿಜವಾದ ಬಿಲ್‌ಬೆರಿ ಸಾರ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಿಲ್‌ಬೆರಿ ಸಾರ ಅಂತ ಮಾರಾಟವಾಗುತ್ತಿದ್ದ ಪುಡಿಯಲ್ಲಿ ಅಮರಾಂತ್ ಎಂಬ ಕೆಂಪು ಕೃತಕ ಬಣ್ಣ ಬೆರೆತದ್ದನ್ನು ಹಿಡಿದರು. ಬಣ್ಣ ಮಾತ್ರ ಅಳೆಯುವ ಸುಲಭದ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತಿತ್ತು. ಹೀಗಾಗಿ ಸಸ್ಯದ ಪೂರ್ತಿ ಹೆಸರು, ಬ್ಯಾಚ್ ನಂಬರ್, ಹೊರಗಿನ ಪ್ರಯೋಗಾಲಯದ ಪರೀಕ್ಷಾ ವರದಿ ಕೊಡುವ ಕಂಪನಿ ವಾಸಿ.

ನಮ್ಮ ದೇಶದಲ್ಲಿ ಇವು ಹೆಚ್ಚಾಗಿ ಆಹಾರ ಪೂರಕದ ಪರವಾನಗಿಯಲ್ಲಿ ಬರುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತಲೂ ಬರೆದಿರಬೇಕು. ಔಷಧಿಯಾಗಿ ಬಳಸುವುದಕ್ಕಲ್ಲ ಅಂತ ಡಬ್ಬಿಯೇ ಹೇಳುತ್ತಿದೆ! ಮುಂದೆ ಕಣ್ಣು ಗುಣವಾಗುತ್ತದೆ ಅನ್ನುವ ಚಿತ್ರ, ಹಿಂದೆ ಈ ಸಾಲು. ಆಯುರ್ವೇದ ಔಷಧಿಯಾದರೆ ಆಯುಷ್ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ. ಮಧುಮೇಹ, ಪೊರೆ, ಗ್ಲೌಕೋಮಾ, ಕುರುಡುತನ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ನಿಷಿದ್ಧ. ಹಾಗೆ ಹೇಳುವವರ ಉಳಿದ ಮಾತನ್ನು ಎಷ್ಟು ನಂಬಬೇಕು, ನೀವೇ ನೋಡಿ.

ಹೆಸರಿಲ್ಲದ ಪೊಟ್ಟಣ, ಕೈಬರಹದ ಚೀಟಿ ಅಂಟಿಸಿದ ಪುಡಿ, "ಎರಡೇ ದಿನದಲ್ಲಿ ಶುಗರ್ ಇಳಿಯುತ್ತೆ" ಅನ್ನುವ ಗುಳಿಗೆ, ಇವುಗಳನ್ನು ಮುಟ್ಟಲೇಬೇಡಿ. ಗಿಡಮೂಲಿಕೆ ಅಂತ ಮಾರಿದ ಶುಗರ್ ಔಷಧಿಗಳಲ್ಲಿ ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಮಾತ್ರೆ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ.

ಹೆಜ್ಜೆ 6: ನುಂಗುತ್ತಿರುವ ಮಾತ್ರೆಗಳ ಜೊತೆ ಹೊಂದುತ್ತಾ?

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತಗೊಳ್ಳುವವರು ಜೊತೆಗೆ ನೇರಳೆ ಬೀಜ, ಹಿಪ್ಪುನೇರಳೆ ಎಲೆ, ಮಧುನಾಶಿನಿ ಬೆರೆಸಿದ ಸಾರ ತಗೊಂಡರೆ ಶುಗರ್ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಎದೆ ಡವಡವ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿದು, ಆಮೇಲೆ ಶುಗರ್ ಅಳೆಯಿರಿ.

ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಎಚ್ಚರ ಇನ್ನೂ ಜಾಸ್ತಿ. ವಾರ್ಫರಿನ್ ತಗೊಳ್ಳುವವರು ಗೋಜಿ ತಿಂದಾಗ ಔಷಧಿಯ ಪರಿಣಾಮ ಏರಿದ ಪ್ರಕರಣಗಳು ದಾಖಲಾಗಿವೆ. ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಜೊತೆ ಬಿಲ್‌ಬೆರಿಯನ್ನು ದೊಡ್ಡ ಪ್ರಮಾಣದಲ್ಲಿ ಸೇರಿಸುವುದೂ ಬೇಡ. ಹಾಗಂತ "ಕಣ್ಣಲ್ಲಿ ರಕ್ತ ಬಂದೀತು" ಅಂತ ಹೆದರಿ ಹೃದಯಕ್ಕೆ ಕೊಟ್ಟ ಆಸ್ಪಿರಿನ್ ನೀವೇ ನಿಲ್ಲಿಸಬೇಡಿ. ರೆಟಿನೋಪಥಿ ಇದ್ದರೂ ಆಸ್ಪಿರಿನ್‌ನಿಂದ ಕಣ್ಣೊಳಗಿನ ರಕ್ತಸ್ರಾವ ಹೆಚ್ಚುವುದಿಲ್ಲ ಅಂತ ದೊಡ್ಡ ಅಧ್ಯಯನಗಳಲ್ಲಿ ಗೊತ್ತಾಗಿದೆ. ನಿಲ್ಲಿಸಬೇಕಾದರೆ ಡಬ್ಬಿ ನಿಲ್ಲಿಸಿ.

ಕಣ್ಣು ಕೆಟ್ಟಿದ್ದರೆ ಕಿಡ್ನಿಯೂ ಪೆಟ್ಟು ತಿಂದಿರುವ ಸಾಧ್ಯತೆ ಇದೆ, ಎರಡರಲ್ಲೂ ಹಾಳಾಗುವುದು ಅದೇ ಥರದ ಸಣ್ಣ ನಾಳಗಳು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಹೇಗಿದೆ ಅಂತ ತೋರಿಸುವ ಅಂಶ) ಜಾಸ್ತಿ ಇರುವವರು ದಿನಾ ಲೋಟಗಟ್ಟಲೆ ನೆಲ್ಲಿ ರಸ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಬೇಕು. ಗರ್ಭಿಣಿಯರು, ಹಾಲೂಡಿಸುವವರು ಸಾರಗಳಿಂದ ದೂರವಿರುವುದೇ ಒಳ್ಳೆಯದು. ಕಣ್ಣಿನದಿರಲಿ, ಹಲ್ಲಿನದಿರಲಿ, ಆಪರೇಷನ್ ಇದ್ದರೆ ಈ ಸಾರಗಳನ್ನು ಎರಡು ವಾರ ಮುಂಚೆ ನಿಲ್ಲಿಸಿ, ಡಾಕ್ಟರಿಗೂ ತಿಳಿಸಿ.

ಯಾವ ಹಣ್ಣಿನ ರಸವನ್ನೂ, ಜೇನನ್ನೂ, ಹರಳೆಣ್ಣೆಯನ್ನೂ ಕಣ್ಣಿಗೆ ಬಿಡಬೇಡಿ. ಸೋಂಕು ತಗಲಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾದರೆ ಇದ್ದ ದೃಷ್ಟಿಯೂ ಹೋಗುತ್ತದೆ.

ಹೆಜ್ಜೆ 7: ತಗೊಳ್ಳುವುದೇ ಆದರೆ ಹೀಗೆ

ಒಂದು ಸಲಕ್ಕೆ ಒಂದೇ ಹೊಸ ವಸ್ತು. ಬಿಲ್‌ಬೆರಿ, ಗೋಜಿ, ಲ್ಯೂಟೀನ್ ಮೂರೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಶುರು ಮಾಡಿದ ತಾರೀಖು, ಆ ವಾರದ ಶುಗರ್, ಎಚ್‌ಬಿಎ1ಸಿ, ರೆಟಿನಾ ವರದಿಯ ಹಂತ, ಇಷ್ಟನ್ನು ಒಂದು ಕಡೆ ಬರೆದಿಡಿ. ಊಟದ ಜೊತೆ ತಗೊಳ್ಳಿ. ಹೊಟ್ಟೆ ಕೆಟ್ಟರೆ, ಮೈ ಕೆರೆದರೆ ನಿಲ್ಲಿಸಿ. ಮುಂದಿನ ರೆಟಿನಾ ಪರೀಕ್ಷೆಯಲ್ಲಿ ಹಂತ ಮುಂದಕ್ಕೆ ಹೋಗಿದ್ದರೆ ಅಲ್ಲಿಗೆ ಕ್ಯಾಪ್ಸೂಲ್ ಮುಗಿಯಿತು, "ಇನ್ನೊಂದು ಡಬ್ಬಿ ನೋಡೋಣ" ಬೇಡ.

ದುಡ್ಡು ಎಣಿಸಿ ಎಣಿಸಿ ಔಷಧಿ ಕೊಳ್ಳುವ ಮನೆಯಾದರೆ ನನ್ನ ಸಲಹೆ ನೇರ: ಈ ಡಬ್ಬಿ ಬೇಡ. ಆ ಹಣ ಎಚ್‌ಬಿಎ1ಸಿ ಪರೀಕ್ಷೆಗೆ, ಗ್ಲೂಕೋಮೀಟರ್ ಸ್ಟ್ರಿಪ್‌ಗೆ, ಕಣ್ಣಾಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜಿಗೆ ಹೋಗಲಿ.

ಹಣ್ಣನ್ನೇ ತಿನ್ನಬಹುದಲ್ವಾ?

ಧಾರಾಳವಾಗಿ. ಮಳೆಗಾಲ ಶುರುವಾಗುವ ಹೊತ್ತಿಗೆ ರಸ್ತೆಬದಿ ಬುಟ್ಟಿಯಲ್ಲಿ ಬರುವ ನೇರಳೆ, ರೇಷ್ಮೆ ಬೆಳೆಯುವ ರಾಮನಗರ, ಶಿಡ್ಲಘಟ್ಟದ ಕಡೆ ತೋಟದಲ್ಲೇ ಸಿಗುವ ಹಿಪ್ಪುನೇರಳೆ ಹಣ್ಣು, ಮಲೆನಾಡು ಕರಾವಳಿಯ ಮುರುಗಲು, ಎಲ್ಲದರಲ್ಲೂ ಇರುವುದು ಅದೇ ಆಂಥೋಸಯನಿನ್ ಕುಟುಂಬದ ಬಣ್ಣ. ನಾಲಿಗೆ ನೇರಳೆಯಾಗುತ್ತದಲ್ಲ, ಅದೇ. ಕಣ್ಣು ಗುಣವಾಗುತ್ತದೆ ಅಂತಲ್ಲ, ನಾರಿನಂಶ ಇರುವ ಹಣ್ಣು ಅಂತ ತಿನ್ನಿ. ಒಂದು ಸಲಕ್ಕೆ ಒಂದು ಹಿಡಿ ಸಾಕು.

ಕೆಡುವುದು ತಯಾರಿಯಲ್ಲಿ. ನೆಲ್ಲಿಕಾಯಿಯ ಮೊರಬ್ಬ, ಕ್ಯಾಂಡಿ, ಬಾಟಲಿಯ ಮುರುಗಲು ಶರಬತ್ತು, ಪ್ಯಾಕೆಟ್ಟಿನ ಒಣ ಬ್ಲೂಬೆರಿ, ಎಲ್ಲದರಲ್ಲೂ ಸಕ್ಕರೆ ಸುರಿದಿರುತ್ತಾರೆ. ನೆಲ್ಲಿಕಾಯಿ ತಂಬುಳಿ ಮಾಡಿ, ಇಲ್ಲ ಉಪ್ಪು ಕಾರ ಹಚ್ಚಿ ತಿನ್ನಿ. ಒಣ ಮುರುಗಲು ಸಿಪ್ಪೆ ಹಾಕಿದ ಸಾರು ಮಾಡಿ. ಬಿಪಿ ಇದ್ದರೆ ಉಪ್ಪಿನಲ್ಲಿಟ್ಟ ನೆಲ್ಲಿಯ ಮೇಲೆ ಕೈ ಬಿಗಿಹಿಡಿಯಿರಿ.

ಹೆಜ್ಜೆ 8: ಕಣ್ಣು ಉಳಿಸುತ್ತದೆ ಅಂತ ಸಾಬೀತಾಗಿರುವುದನ್ನು ಮಾಡಿ

ಅಮೆರಿಕ, ಕೆನಡಾದಲ್ಲಿ ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಪ್ರಯೋಗದ ಫಲಿತಾಂಶ 1993ರಲ್ಲಿ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಹೊಸದಾಗಿ ರೆಟಿನೋಪಥಿ ಬರುವ ಸಾಧ್ಯತೆ ಶೇ 76ರಷ್ಟು ಕಡಿಮೆಯಾಗಿತ್ತು. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ಟೈಪ್ 2 ರೋಗಿಗಳಲ್ಲಿ ಬಿಪಿಯನ್ನು ಬಿಗಿಹಿಡಿದಾಗ ರೆಟಿನೋಪಥಿ ಬೆಳೆಯುವುದು ಶೇ 34ರಷ್ಟು ತಗ್ಗಿದ್ದನ್ನು ತೋರಿಸಿತು. ಇಂಥ ಅಂಕಿ ಯಾವ ಬೆರಿಗೂ ಇಲ್ಲ. ಎಚ್‌ಬಿಎ1ಸಿ ಸಾಮಾನ್ಯವಾಗಿ 7ರ ಆಸುಪಾಸು, ಬಿಪಿ 130/80ಕ್ಕಿಂತ ಕೆಳಗೆ ಅನ್ನುವುದು ಗುರಿ. ವಯಸ್ಸಾದವರಿಗೆ ಡಾಕ್ಟರು ಸ್ವಲ್ಪ ಸಡಿಲ ಕೊಡುತ್ತಾರೆ.

ವರ್ಷಗಟ್ಟಲೆ ಶುಗರ್ ಮೇಲಿದ್ದವರು ಅದನ್ನು ದಿಢೀರನೆ ಇಳಿಸಿದರೆ ರೆಟಿನೋಪಥಿ ಕೆಲವು ತಿಂಗಳು ಹೆಚ್ಚಾಗಿ ಕಾಣಬಹುದು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಹೊಸ ಇಂಜೆಕ್ಷನ್ ಶುರು ಮಾಡುವ ಮುಂಚೆಯೇ ಕಣ್ಣು ತೋರಿಸಿಕೊಳ್ಳಿ. ಡಿಎಂಇ ಇದ್ದರೆ ಪಯೋಗ್ಲಿಟಜೋನ್ ಮಾತ್ರೆ ಇದೆಯೇ ಅಂತ ಸ್ಟ್ರಿಪ್ ನೋಡಿ. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಬದಲಿಸಬೇಕೇ ಅಂತ ಕೇಳಿ.

"ಕಣ್ಣಿಗೆ ಏನಾದ್ರೂ ಮಾತ್ರೆ ಬೇಕೇ ಬೇಕು" ಅನ್ನುವವರು ಡಾಕ್ಟರ ಹತ್ತಿರ ಫೆನೋಫೈಬ್ರೇಟ್ ಬಗ್ಗೆ ಕೇಳಲಿ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಇಳಿಸಲು ಕೊಡುವ ಹಳೆಯ ಮಾತ್ರೆ ಇದು. ಸ್ಕಾಟ್ಲೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಲೆನ್ಸ್ ಪ್ರಯೋಗದಲ್ಲಿ, ಆರಂಭದ ಹಂತದ ರೆಟಿನೋಪಥಿ ಮುಂದುವರಿಯುವುದು ಶೇ 27ರಷ್ಟು ಕಡಿಮೆಯಾಯಿತು. ಕಿಡ್ನಿ ನೋಡಿಕೊಂಡು ಕೊಡಬೇಕಾದ ಮಾತ್ರೆ, ಚೀಟಿ ಇಲ್ಲದೆ ಕೌಂಟರಿನಲ್ಲಿ ಕೇಳಬೇಡಿ.

ಹೆಜ್ಜೆ 9: ಈ ಲಕ್ಷಣ ಕಂಡರೆ ಅದೇ ದಿನ ಹೊರಡಿ

ಕಣ್ಣ ಮುಂದೆ ಒಮ್ಮೆಲೇ ಕಪ್ಪು ಚುಕ್ಕಿಗಳು ಸುರಿದ ಹಾಗೆ ಕಂಡರೆ, ಹೊಗೆ ಅಥವಾ ಜೇಡರ ಬಲೆ ತೇಲಿದಂತಾದರೆ, ಮೂಲೆಯಲ್ಲಿ ಮಿಂಚು ಹೊಡೆದಂತಾದರೆ, ಒಂದು ಕಡೆಯಿಂದ ಪರದೆ ಇಳಿದಂತಾದರೆ, ಒಂದು ಕಣ್ಣು ದಿಢೀರನೆ ಮಂಜಾದರೆ, ಕಣ್ಣು ಕೆಂಪಾಗಿ ತಲೆನೋವು ವಾಂತಿ ಬಂದರೆ ತಡಮಾಡಬೇಡಿ. ನೋವಿಲ್ಲ ಅಂತ ನಾಳೆಗೆ ಮುಂದೂಡಬೇಡಿ.

ಆಸ್ಪತ್ರೆಗೆ ಫೋನ್ ಮಾಡುವಾಗ "ಕಣ್ಣು ಮಂಜು" ಅಂತಷ್ಟೇ ಹೇಳಿದರೆ ಮುಂದಿನ ವಾರದ ಅಪಾಯಿಂಟ್‌ಮೆಂಟ್ ಸಿಗಬಹುದು. ಹೀಗೆ ಹೇಳಿ: "ಶುಗರ್ ಇದೆ. ನಿನ್ನೆ ರಾತ್ರಿಯಿಂದ ಬಲಗಣ್ಣಲ್ಲಿ ಕಪ್ಪು ಚುಕ್ಕಿ ಸುರಿದ ಹಾಗಾಗಿ ಕಾಣ್ತಿಲ್ಲ. ರೆಟಿನಾ ಡಾಕ್ಟರು ಇವತ್ತು ಇರ್ತಾರಾ?" ಇಲ್ಲ ಅಂದರೆ ಯಾವ ಆಸ್ಪತ್ರೆಯಲ್ಲಿ ಇರುತ್ತಾರೆ ಅಂತ ಅವರನ್ನೇ ಕೇಳಿ. ಹೊರಡುವಾಗ ಹಳೆಯ ರೆಟಿನಾ ವರದಿ, ಮಾತ್ರೆಗಳ ಸ್ಟ್ರಿಪ್‌ಗಳು, ಕ್ಯಾಪ್ಸೂಲ್ ತಗೊಳ್ಳುತ್ತಿದ್ದರೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.